ನಮ್ಮೂರಿನಲ್ಲೇ ಓದಬಹುದಾದ ಆರು ಇಂಗ್ಲಿಷ್ ಪದ್ಯಗಳು



ಟಿ. ನರಸೀಪುರದ ಕಡೆಯಿಂದ ಅಜ್ಜಿಯೊಬ್ಬರು ಕಾಗದ ಬರೆದಿದ್ದಾರೆ. ಬೇಸಿಗೆ ರಜೆಗೆ ಮೊಮ್ಮಗ ಊರಿಗೆ ಬಂದಿದ್ದಾನಂತೆ. ಅವನು ಇಂಗ್ಲಿಷ್ ಮೀಡಿಯಂ. ಅಜ್ಜಿಯ ಇಂಗ್ಲಿಷ್ ಎಸ್ಸೆಸ್ಸೆಲ್ಸಿಗೇ ನಿಂತಿದೆ. "ಅವನ ಜೊತೆ ಕೂತು ಓದಲು ಹಳೆಯ ಕಾಲದ ಒಳ್ಳೆಯ ಇಂಗ್ಲಿಷ್ ಪದ್ಯಗಳು ಯಾವುವು? ಒಂದು ಪಟ್ಟಿ ಕೊಡಿ" ಎಂದು ಕೇಳಿದ್ದಾರೆ.

ಕೇಳಿದ್ದು ಯಾರನ್ನು ನೋಡಿ! ನಾನು ಬಿ.ಕಾಂ. ಓದಿದವನು. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಮೂವತ್ತೈದು ವರ್ಷ ಲೆಡ್ಜರ್ ಬರೆದವನು. ನನ್ನ ಇಂಗ್ಲಿಷ್ ಏನಿದ್ದರೂ "ನಿಮ್ಮ ಪತ್ರ ತಲುಪಿತು, ಅಗತ್ಯ ಕ್ರಮಕ್ಕಾಗಿ ಕಳಿಸಿದ್ದೇವೆ" ಎನ್ನುವ ಇಂಗ್ಲಿಷ್. ಆದರೂ ಈ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವಿದೆ. ಮೊದಲು ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಪಟ್ಟಿ ಆಮೇಲೆ.

ನನ್ನ ಮೊಮ್ಮಗಳು ಆಗ ಮೂರನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷ್ ಪದ್ಯ ಹೇಳುವ ಸ್ಪರ್ಧೆ ಇತ್ತು. ಪದ್ಯ ಆರಿಸುವ ಕೆಲಸ ನನ್ನದು ಎಂದು ನಾನೇ ಮುಂದೆ ಬಿದ್ದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮ್ಯಾನೇಜರ್ ಒಬ್ಬರ ಕೋಣೆಯ ಗೋಡೆಯ ಮೇಲೆ ರಡ್ಯಾರ್ಡ್ ಕಿಪ್ಲಿಂಗ್‌ನ 'ಇಫ್' ಪದ್ಯ ಗಾಜಿನ ಚೌಕಟ್ಟಿನಲ್ಲಿ ನೇತಾಡುತ್ತಿತ್ತು. ದೊಡ್ಡವರ ಕೋಣೆಯ ಪದ್ಯ, ಆದ್ದರಿಂದ ದೊಡ್ಡ ಪದ್ಯ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅದನ್ನೇ ಕೊಟ್ಟೆ. 1910ರಲ್ಲಿ ಪುಸ್ತಕದಲ್ಲಿ ಬಂದ ಪದ್ಯ ಅದು. ತಂದೆಯೊಬ್ಬ ಮಗನಿಗೆ ಬುದ್ಧಿ ಹೇಳುತ್ತಾನೆ. 32 ಸಾಲು, ಮೊದಲಿಂದ ಕೊನೆಯವರೆಗೆ ಒಂದೇ ವಾಕ್ಯ. "ಹೀಗಾದರೆ, ಹೀಗಾದರೆ" ಎಂದು ಹೋಗುತ್ತಲೇ ಇರುತ್ತದೆ. ಆದರೆ ಏನಾಗುತ್ತದೆ ಎನ್ನುವುದು ತಿಳಿಯುವುದು ತೀರಾ ಕೊನೆಯಲ್ಲಿ.

ಎಂಟು ವರ್ಷದ ಮಗು ಹದಿನೈದು ದಿನ ಅದನ್ನು ಉರು ಹೊಡೆಯಿತು. ಸ್ಪರ್ಧೆಯ ದಿನ ನಾನು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಹತ್ತು ಸಾಲು ಸರಾಗವಾಗಿ ಬಂತು. ಹನ್ನೊಂದನೆಯದಕ್ಕೆ ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನು ತುಟಿ ಅಲ್ಲಾಡಿಸಿ ಹೇಳಿಕೊಟ್ಟೆ. ಅವಳಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ನಮಸ್ಕಾರ ಮಾಡಿ ಇಳಿದು ಬಂದಳು.

ಮನೆಗೆ ಬರುವಾಗ ಆಟೋದಲ್ಲಿ ಅವಳು ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು. "ತಾತ, ಆ ಪದ್ಯದಲ್ಲಿ ನೋಡೋಕೆ ಏನೂ ಇಲ್ವಲ್ಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪದ್ಯ ಕೆಟ್ಟದ್ದಲ್ಲ. ಐವತ್ತು ವರ್ಷ ಬದುಕಿ ನಾಲ್ಕು ಪೆಟ್ಟು ತಿಂದವರಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ. ಮಗುವಿಗೆ ಅದರಲ್ಲಿ ಮರವಿಲ್ಲ, ಹೊಳೆಯಿಲ್ಲ, ನಾಯಿಯಿಲ್ಲ, ಕಥೆಯಿಲ್ಲ. ನಾನು ಆರಿಸಿದ್ದು ಅವಳಿಗೋಸ್ಕರ ಅಲ್ಲ, ನಾಲ್ಕು ಜನ "ಅಬ್ಬಾ, ಯಾರ ಮೊಮ್ಮಗಳು?" ಎಂದು ಕೇಳಲಿ ಎಂಬ ಆಸೆಗೆ. ಸಾಲ ಪಡೆದವರು ಒಬ್ಬರು, ಕಂತು ಕಟ್ಟಿದವರು ಇನ್ನೊಬ್ಬರು ಎನ್ನುವ ಹಾಗಾಯಿತು.

ಅಂದಿನಿಂದ ನಾನೊಂದು ನಿಯಮ ಇಟ್ಟುಕೊಂಡಿದ್ದೇನೆ. ನಮ್ಮ ಊರಿನಲ್ಲಿ ಯಾವುದನ್ನಾದರೂ ತೋರಿಸಿ "ಇಗೋ, ಪದ್ಯದಲ್ಲಿರುವುದು ಇಂಥದ್ದು" ಎಂದು ಹೇಳಲು ಬರುವ ಪದ್ಯವನ್ನೇ ಓದುವುದು. ಇದು ನಾನು ಕಂಡುಹಿಡಿದದ್ದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ನೂರು ವರ್ಷದ ಹಿಂದೆಯೇ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ ಕೆಲಸ. ಇಂಗ್ಲಿಷ್ ಪದ್ಯಗಳನ್ನು ಕನ್ನಡದ ಬಾಯಿಗೆ ಒಗ್ಗುವಂತೆ ಮಾಡಿ 'ಇಂಗ್ಲಿಷ್ ಗೀತಗಳು' ಎಂಬ ಪುಸ್ತಕ ತಂದರು. ಕಾರ್ಡಿನಲ್ ನ್ಯೂಮನ್ 1833ರಲ್ಲಿ ಹಡಗಿನಲ್ಲಿ ಕೂತು ಬರೆದ ಪ್ರಾರ್ಥನೆಯೊಂದು ಶ್ರೀಯವರ ಕೈಯಲ್ಲಿ ಎಷ್ಟು ನಮ್ಮದಾಯಿತೆಂದರೆ, ಬೆಳಕನ್ನು ಕೈಹಿಡಿದು ನಡೆಸೆಂದು ಬೇಡುವ ಆ ಹಾಡು ಮೂಲದಲ್ಲಿ ಇಂಗ್ಲಿಷಿನದು ಎಂದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ನಾವು ಅನುವಾದ ಮಾಡಬೇಕಾಗಿಲ್ಲ. ಪದ್ಯವನ್ನು ಹಿಡಿದು ಮನೆಯಿಂದ ಆಚೆ ಹೊರಟರೆ ಸಾಕು.

ಇನ್ನು ಪಟ್ಟಿ.

ಒಂದು: ಕಥೆಗೆ, 'ದಿ ಪೈಡ್ ಪೈಪರ್ ಆಫ್ ಹ್ಯಾಮೆಲಿನ್'

ರಾಬರ್ಟ್ ಬ್ರೌನಿಂಗ್ ಬರೆದದ್ದು, ಅಚ್ಚಾದದ್ದು 1842ರಲ್ಲಿ. ಇದು ಹುಟ್ಟಿದ ಬಗೆ ಕೇಳಿ ಮಕ್ಕಳೇ. ಅವನ ಸ್ನೇಹಿತ ಮೆಕ್ರೀಡಿ ಎಂಬ ನಟನ ಮಗ ವಿಲ್ಲಿ ಕಾಯಿಲೆ ಬಿದ್ದು ಮಲಗಿದ್ದ. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ಅವನು ಹಾಸಿಗೆಯಲ್ಲೇ ಚಿತ್ರ ಬರೆಯಲಿ ಎಂದು ಬ್ರೌನಿಂಗ್ ಈ ಕಥೆಯನ್ನು ಪದ್ಯ ಮಾಡಿಕೊಟ್ಟ. ಇಲಿಗಳ ಕಾಟ, ಕೊಳಲೂದುವವನು ಬಂದು ಇಲಿಗಳನ್ನೆಲ್ಲ ಹೊಳೆಗೆ ಇಳಿಸುವುದು, ಆಮೇಲೆ ಊರಿನ ಹಿರಿಯರು ಮಾತಿಗೆ ತಪ್ಪುವುದು, ಮಕ್ಕಳು ಅವನ ಹಿಂದೆ ಹೊರಟುಹೋಗುವುದು.

ಓದುತ್ತಿದ್ದಂತೆ "ಇದು ನಮ್ಮ ಕಿಂದರಿಜೋಗಿ!" ಎಂದು ಕೂಗುತ್ತೀರಿ. ಹೌದು, ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬಂದದ್ದು ಇದರಿಂದಲೇ. ಜರ್ಮನಿಯ ಹ್ಯಾಮೆಲಿನ್ ಊರನ್ನು ಅವರು ತುಂಗಾ ನದಿಯ ದಡಕ್ಕೆ ತಂದುಬಿಟ್ಟರು. ಆದ್ದರಿಂದ ಅಜ್ಜಿಯಂದಿರೇ, ಇಂಗ್ಲಿಷ್ ಭಯವಿದ್ದರೆ ಇಲ್ಲಿಂದ ಶುರು ಮಾಡಿ. ಕನ್ನಡದ್ದನ್ನು ನೀವು ಓದಿ, ಇಂಗ್ಲಿಷಿನದನ್ನು ಮೊಮ್ಮಗು ಓದಲಿ. ಕಥೆ ಗೊತ್ತಿರುವುದರಿಂದ ನೀವು ದಾರಿ ತಪ್ಪುವುದಿಲ್ಲ. ಸುಮಾರು 300 ಸಾಲಿದೆ, ನಾಲ್ಕು ಸಂಜೆಗೆ ಹಂಚಿಕೊಳ್ಳಿ.

ಬ್ಯಾಂಕಿನವನಾಗಿ ನನಗೆ ಇದರಲ್ಲಿ ಇಷ್ಟವಾದದ್ದು ಹಣದ ಮಾತು. ಒಪ್ಪಿಕೊಂಡದ್ದು ಸಾವಿರ ಗಿಲ್ಡರ್, ಕೆಲಸ ಮುಗಿದ ಮೇಲೆ ಕೊಡಲು ಬಂದದ್ದು ಐವತ್ತು. ನಮ್ಮ ನೋಟಿನ ಮೇಲೂ "ಕೊಡುತ್ತೇನೆಂದು ವಾಗ್ದಾನ ಮಾಡುತ್ತೇನೆ" ಎಂದು ಅಚ್ಚಾಗಿದೆ. ಆ ಮಾತಿಗೆ ಬೆಲೆ ಇಲ್ಲದಿದ್ದರೆ ನೋಟು ಬರೀ ಕಾಗದ. ಮೊಮ್ಮಕ್ಕಳಿಗೆ ಐಸ್‌ಕ್ರೀಂ ಕೊಡಿಸುತ್ತೇನೆಂದು ಹೇಳಿ ಮರೆಯುವ ತಾತಂದಿರು ಈ ಪದ್ಯವನ್ನು ಎರಡು ಸಲ ಓದತಕ್ಕದ್ದು.

ಎರಡು: ಹೂವಿಗೆ, 'ಡ್ಯಾಫೊಡಿಲ್ಸ್'

ವಿಲಿಯಂ ವರ್ಡ್ಸ್‌ವರ್ತ್‌ನ ಈ ಪದ್ಯ ನಮ್ಮ ಕಾಲದಲ್ಲೂ ಪಾಠಕ್ಕಿತ್ತು. ಟಿ. ನರಸೀಪುರದ ಶಾಲೆಯಲ್ಲಿ ಕೂತು ನಾನೂ ಉರು ಹೊಡೆದಿದ್ದೇನೆ. ಡ್ಯಾಫೊಡಿಲ್ ಎಂದರೆ ಏನು ಎಂದು ಕೇಳಿದಾಗ ಮೇಷ್ಟರು "ಒಂದು ಜಾತಿಯ ಹಳದಿ ಹೂ ಕಣಯ್ಯ" ಎಂದರು. ಅವರೂ ಕಂಡಿರಲಿಲ್ಲ. ನಾನು ಚೆಂಡುಹೂ ಎಂದುಕೊಂಡೆ. ಇವತ್ತಿಗೂ ಆ ಪದ್ಯ ಓದಿದರೆ ನನ್ನ ಕಣ್ಣಿಗೆ ಬರುವುದು ಚೆಂಡುಹೂವಿನ ಹೊಲವೇ.

ಅದರಲ್ಲಿ ನಾಚಿಕೆಯೇನಿಲ್ಲ ಎಂದು ಈಗ ಅನಿಸುತ್ತದೆ. ನಂಜನಗೂಡಿನಿಂದ ಗುಂಡ್ಲುಪೇಟೆ ಕಡೆ ಹೋಗುವ ರಸ್ತೆಯಲ್ಲಿ ಮಳೆಗಾಲ ಶುರುವಾದ ಮೇಲೆ ಸೂರ್ಯಕಾಂತಿಯೂ ಚೆಂಡುಹೂವೂ ಅರಳಿ ನಿಲ್ಲುತ್ತವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಹಳದಿ ಮುಗಿಯುವುದೇ ಇಲ್ಲ. ಹೋದ ವರ್ಷ ಅಲ್ಲಿಗೆ ಹೋಗಿ ಬಂದ ಮೇಲೆ ಪದ್ಯ ಓದಿದೆವು. ಗಾಳಿಗೆ ಸಾವಿರ ಹೂ ಒಟ್ಟಿಗೆ ತಲೆ ಆಡಿಸುವುದು ಹೇಗಿರುತ್ತದೆ ಎಂದು ಮೊಮ್ಮಗಳಿಗೆ ಹೇಳಿಕೊಡಬೇಕಾಗಲಿಲ್ಲ.

ಈ ಪದ್ಯದ ಹಿಂದೆ ಒಂದು ಮನೆಯ ಕಥೆ ಇದೆ. ವರ್ಡ್ಸ್‌ವರ್ತ್ ಆ ಹೂಗಳನ್ನು ಕಂಡದ್ದು 1802ರ ಏಪ್ರಿಲ್ 15ರಂದು, ಅಲ್ಸ್‌ವಾಟರ್ ಎಂಬ ಸರೋವರದ ದಡದಲ್ಲಿ. ಪದ್ಯದಲ್ಲಿ ತಾನೊಬ್ಬನೇ ತಿರುಗುತ್ತಿದ್ದ ಹಾಗೆ ಹೇಳಿಕೊಂಡಿದ್ದಾನೆ. ನಿಜದಲ್ಲಿ ತಂಗಿ ಡೊರೊತಿಯೂ ಜೊತೆಗಿದ್ದಳು. ಅವಳು ದಿನಚರಿಯಲ್ಲಿ ಆ ಹೂಗಳ ಬಗ್ಗೆ ಚೆಂದವಾಗಿ ಬರೆದಿಟ್ಟಳು. ಅಣ್ಣ ಪದ್ಯ ಬರೆದದ್ದು 1804ರಲ್ಲಿ. ಅದರ ಅತ್ಯುತ್ತಮವಾದ ಎರಡು ಸಾಲು ತನ್ನ ಹೆಂಡತಿ ಮೇರಿಯದು ಎಂದು ಅವನೇ ಹೇಳಿದ್ದಾನೆ. ಹೆಸರು ಒಬ್ಬನದು, ಕೆಲಸ ಮೂವರದು. ಮನೆಯಲ್ಲಿ ಮಾಡಿದ ಒಬ್ಬಟ್ಟಿನ ಹಾಗೆ.

ಮಕ್ಕಳೇ, ದಿನಚರಿ ಬರೆಯುವ ಅಭ್ಯಾಸ ಮಾಡಿ. ನಿಮ್ಮ ಅಣ್ಣನಿಗೋ ತಮ್ಮನಿಗೋ ಯಾವತ್ತಾದರೂ ಉಪಯೋಗಕ್ಕೆ ಬರಬಹುದು!

ಮೂರು: ಹೊಳೆಗೆ, 'ದಿ ಬ್ರೂಕ್'

ಟೆನಿಸನ್ 1855ರಲ್ಲಿ ಪ್ರಕಟಿಸಿದ ಪದ್ಯ. ತೊರೆಯೇ ಮಾತಾಡುತ್ತದೆ. ಬೆಟ್ಟದಿಂದ ಇಳಿದೆ, ಕಲ್ಲಿಗೆ ಬಡಿದೆ, ಸೇತುವೆ ದಾಟಿದೆ, ದೊಡ್ಡ ನದಿಗೆ ಸೇರುತ್ತೇನೆ ಎಂದು ತನ್ನ ಪ್ರಯಾಣವನ್ನು ಹೇಳಿಕೊಳ್ಳುತ್ತದೆ. ಇದನ್ನು ಕಣ್ಣಿನಲ್ಲಿ ಓದಬೇಡಿ, ಬಾಯಲ್ಲಿ ಓದಿ. ನಾವು ಜುಳುಜುಳು, ಗಳಗಳ ಎನ್ನುವ ಹಾಗೆ ಇಂಗ್ಲಿಷಿನಲ್ಲೂ ನೀರಿಗೆ ಎಷ್ಟೊಂದು ಸದ್ದಿನ ಪದಗಳಿವೆ ಎಂದು ಗೊತ್ತಾಗುತ್ತದೆ. ಇಂಗ್ಲಿಷ್ ಬಾರದ ಅಜ್ಜಿಗೂ ಇದು ಹೊಳೆಯ ಪದ್ಯವೆಂದು ಕಿವಿಯಲ್ಲೇ ತಿಳಿದುಬಿಡುತ್ತದೆ.

ಓದುವ ಜಾಗ ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲು. ಶ್ರೀಕಂಠೇಶ್ವರನ ದರ್ಶನ ಮುಗಿಸಿ, ಬಿಸಿಲು ಇಳಿದ ಮೇಲೆ ಹೋಗಿ ಕೂತುಕೊಳ್ಳಿ. ಕಪಿಲೆಯ ದಾರಿಯನ್ನು ಮಕ್ಕಳಿಂದಲೇ ಹೇಳಿಸಿ. ಕೇರಳದ ವಯನಾಡಿನಲ್ಲಿ ಹುಟ್ಟುತ್ತಾಳೆ, ಎಚ್.ಡಿ. ಕೋಟೆಯ ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ, ನಂಜನಗೂಡಿನಲ್ಲಿ 1735ರ ಹಳೆಯ ಸೇತುವೆಯ ಕೆಳಗೆ ಹಾಯುತ್ತಾಳೆ, ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದು ನಿಂತಿದ್ದಾನೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ನಮ್ಮ ಹಿರಿಯರ ಮಾತು. ಟೆನಿಸನ್ನನ ತೊರೆಗೆ ಸಿಕ್ಕದ ಭಾಗ್ಯ ಇದು.

ಮನುಷ್ಯರು ಬರುತ್ತಾರೆ, ಹೋಗುತ್ತಾರೆ, ತಾನು ಮಾತ್ರ ಹರಿಯುತ್ತಲೇ ಇರುತ್ತೇನೆ ಎಂಬುದು ಆ ತೊರೆಯ ಹೆಮ್ಮೆ. ಶಾಲೆಯ ಪುಸ್ತಕದಲ್ಲಿ ಇರುವುದು ತೊರೆಯ ಹಾಡು ಮಾತ್ರ. ಪೂರ್ತಿ ಪದ್ಯ ಇನ್ನೂ ಉದ್ದವಿದೆ. ಅದರಲ್ಲಿ ತೀರಿಕೊಂಡ ಸೋದರನನ್ನು ನೆನೆಯುವ ಒಬ್ಬನಿದ್ದಾನೆ. ಅವನ ನೆನಪಿನ ನಡುನಡುವೆ ತೊರೆ ಹಾಡುತ್ತಾ ಹೋಗುತ್ತದೆ.

ಬೇಸಿಗೆಯಲ್ಲಿ ಓದುವಾಗ ನನ್ನ ಮೊಮ್ಮಗಳು ಕೇಳಿದಳು. "ತಾತ, ನಮ್ಮ ಹೊಳೆ ಹೀಗೆ ಸಣ್ಣಗಾಗಿದೆಯಲ್ಲ, ಇದೂ ಯಾವಾಗಲೂ ಇರುತ್ತಾ?" ಆಗಸ್ಟಿನಲ್ಲಿ ಹದಿನಾರು ಕಾಲು ಮಂಟಪ ಮುಳುಗಿಸುವ ಹೊಳೆಯೇ ಏಪ್ರಿಲಿನಲ್ಲಿ ಬಂಡೆ ತೋರಿಸುತ್ತದೆ. "ನಾವು ನೋಡಿಕೊಂಡರೆ ಇರುತ್ತೆ ಕಣಮ್ಮ" ಎಂದೆ. ದಡದಲ್ಲಿ ಬಿದ್ದಿದ್ದ ಎರಡು ಪ್ಲಾಸ್ಟಿಕ್ ಕವರನ್ನು ಅವಳು ಎತ್ತಿ ಚೀಲಕ್ಕೆ ಹಾಕಿಕೊಂಡಳು. ನಾನು ಹೇಳಿರಲಿಲ್ಲ.

ನಾಲ್ಕು: ದೊಡ್ಡಸ್ತಿಕೆಗೆ, 'ಓಜಿಮಾಂಡಿಯಾಸ್'

ಶೆಲ್ಲಿ ಬರೆದ 14 ಸಾಲಿನ ಪದ್ಯ. 1818ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂತು. ಮರಳುಗಾಡಿನಲ್ಲಿ ಮುರಿದು ಬಿದ್ದ ಒಂದು ವಿಗ್ರಹ. ಎರಡು ಕಾಲು ಮಾತ್ರ ನಿಂತಿವೆ. ಮುಖ ಮರಳಿನಲ್ಲಿ ಅರ್ಧ ಹೂತಿದೆ. ಕೆಳಗೆ ರಾಜನ ಜಂಭದ ಮಾತು ಕೆತ್ತಿದೆ. ಸುತ್ತ ಬರೀ ಮರಳು. ಓಜಿಮಾಂಡಿಯಾಸ್ ಎನ್ನುವುದು ಈಜಿಪ್ಟಿನ ಎರಡನೇ ರಾಮೆಸಸ್ ದೊರೆಗೆ ಗ್ರೀಕರು ಇಟ್ಟ ಹೆಸರು.

ಶೆಲ್ಲಿ ಇದನ್ನು ಬರೆದದ್ದು ಗೆಳೆಯ ಹೊರೇಸ್ ಸ್ಮಿತ್ ಜೊತೆ ಪೈಪೋಟಿ ಕಟ್ಟಿ. ಇಬ್ಬರೂ ಒಂದೇ ವಿಷಯದ ಮೇಲೆ ಬರೆದರು. ಸ್ಮಿತ್ ಷೇರು ದಲ್ಲಾಳಿ, ಶೆಲ್ಲಿಯ ಹಣಕಾಸನ್ನು ನೋಡಿಕೊಳ್ಳುತ್ತಿದ್ದವನು. ಲೆಕ್ಕದ ಮನುಷ್ಯ ಪದ್ಯ ಬರೆದನಲ್ಲ ಎಂದು ನನಗೆ ಅವನ ಮೇಲೆ ಸ್ವಲ್ಪ ಅಭಿಮಾನ. ಸೋತದ್ದೂ ಅವನೇ, ಬಿಡಿ.

ಈ ಪದ್ಯಕ್ಕೆ ನಾವು ಈಜಿಪ್ಟಿಗೆ ಹೋಗಬೇಕಾಗಿಲ್ಲ. ಟಿ. ನರಸೀಪುರ ತಾಲ್ಲೂಕಿನಲ್ಲೇ ತಲಕಾಡಿದೆ. ಗಂಗರ ರಾಜಧಾನಿಯಾಗಿದ್ದ ಊರು. ಆಮೇಲೆ ಚೋಳರ ಕೈಸೇರಿತು. 1117ರ ಸುಮಾರಿಗೆ ಹೊಯ್ಸಳರ ವಿಷ್ಣುವರ್ಧನ ಚೋಳರನ್ನು ಸೋಲಿಸಿ ಇದನ್ನು ಗೆದ್ದು 'ತಲಕಾಡುಗೊಂಡ' ಎಂಬ ಬಿರುದು ಧರಿಸಿದ, ಕೀರ್ತಿನಾರಾಯಣನ ದೇವಸ್ಥಾನ ಕಟ್ಟಿಸಿದ. ಅದೇ ಊರನ್ನು ಮರಳು ಬಂದು ಮುಚ್ಚಿತು. ಅಲಮೇಲಮ್ಮನ ಶಾಪದ ಕಥೆ ನಿಮಗೆಲ್ಲ ಗೊತ್ತೇ ಇದೆ. ಇಂದು ಪಾತಾಳೇಶ್ವರನನ್ನು ನೋಡಲು ಮರಳಿನ ನಡುವೆ ಮೆಟ್ಟಿಲಿಳಿದು ಹೋಗಬೇಕು.

ನಾವು ಹೋಗಿದ್ದಾಗ ಚಪ್ಪಲಿಯೊಳಗೆಲ್ಲ ಮರಳು ಸೇರಿತ್ತು. ಕೀರ್ತಿನಾರಾಯಣನ ಗುಡಿಯ ಹತ್ತಿರ ನೆರಳಿನಲ್ಲಿ ಕೂತು ಪದ್ಯ ಓದಿದೆವು. ಓದಿ ಮುಗಿಸಿ ಮೊಮ್ಮಗಳು ಹೇಳಿದಳು. "ರಾಜನ ಮುಖ ಹೇಗಿತ್ತು ಅಂತ ನಮಗೆ ಗೊತ್ತಾಗಿದ್ದು ಶಿಲ್ಪಿಯಿಂದ ತಾನೇ ತಾತ? ಹಾಗಾದ್ರೆ ಶಿಲ್ಪಿ ಗೆದ್ದ." ಬಿ.ಕಾಂ. ತಲೆಗೆ ಇದು ಹೊಳೆದಿರಲಿಲ್ಲ.

ಐದು: ದುಡಿಮೆಯ ಹಾಡಿಗೆ, 'ದಿ ಸಾಲಿಟರಿ ರೀಪರ್'

ಮತ್ತೆ ವರ್ಡ್ಸ್‌ವರ್ತ್. ಬರೆದದ್ದು 1805, ಪುಸ್ತಕದಲ್ಲಿ ಬಂದದ್ದು 1807. ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ ಹುಡುಗಿಯೊಬ್ಬಳು ಒಂಟಿಯಾಗಿ ಪೈರು ಕೊಯ್ಯುತ್ತಾ ಹಾಡುತ್ತಾಳೆ. ಕೇಳಿದವನಿಗೆ ಅವಳ ಭಾಷೆ ಬಾರದು. ಏನು ಹಾಡುತ್ತಿದ್ದಾಳೋ, ಹಳೆಯ ಯುದ್ಧದ ಕಥೆಯೋ, ಮನೆಯ ಕಷ್ಟವೋ ಎಂದು ಊಹಿಸುತ್ತಾನೆ. ಅರ್ಥವಾಗದಿದ್ದರೂ ಹಾಡು ಮನಸ್ಸಿನಲ್ಲಿ ಉಳಿಯುತ್ತದೆ. ಸ್ವಾರಸ್ಯವೇನೆಂದರೆ, ಈ ಪದ್ಯದ ಮೂಲ ಅವನ ಗೆಳೆಯ ಥಾಮಸ್ ವಿಲ್ಕಿನ್ಸನ್ ತನ್ನ ಪ್ರವಾಸದ ಬಗ್ಗೆ ಬರೆದಿಟ್ಟ ಒಂದು ಮಾತು. ಇನ್ನೊಬ್ಬರ ಕಿವಿಯಿಂದ ಕೇಳಿ ಬರೆದ ಪದ್ಯ ಇದು.

ನಾಟಿ ಸಮಯದಲ್ಲಿ ಟಿ. ನರಸೀಪುರದ ನಮ್ಮ ಬಂಧುಗಳ ಗದ್ದೆಗೆ ಹೋಗಿದ್ದೆವು. ಹೆಂಗಸರು ಕೆಸರಿನಲ್ಲಿ ಸಾಲಾಗಿ ನಿಂತು ಮಾದೇಶ್ವರನ ಮೇಲೆ ಹಾಡುತ್ತಾ ಪೈರು ನೆಡುತ್ತಿದ್ದರು. ಮೊಮ್ಮಗಳು ಬದುವಿನ ಮೇಲೆ ನಿಂತು ಕೇಳಿ, "ತಾತ, ಇದು ಕನ್ನಡಾನಾ?" ಎಂದಳು. ನನಗೆ ಎದೆ ಧಸಕ್ಕೆಂದಿತು. ಅಪ್ಪಟ ಕನ್ನಡ. ಆದರೆ ಅವಳ ಪುಸ್ತಕದ ಕನ್ನಡವಲ್ಲ, ಟೀವಿಯ ಕನ್ನಡವೂ ಅಲ್ಲ. ನಿಜ ಹೇಳಬೇಕೆಂದರೆ ಕೆಲವು ಪದ ನನಗೂ ಮರೆತುಹೋಗಿತ್ತು. ಹಾಡುತ್ತಿದ್ದ ಅಜ್ಜಿಯೊಬ್ಬರನ್ನೇ ಕೇಳಿದೆವು. ಅವರು ಸೊಂಟ ನೆಟ್ಟಗೆ ಮಾಡಿಕೊಂಡು, "ಇದೂ ಗೊತ್ತಿಲ್ವಾ ಮಗಾ?" ಎಂದು ನಕ್ಕು ಒಂದೊಂದಾಗಿ ಬಿಡಿಸಿ ಹೇಳಿದರು.

ಮೊಮ್ಮಕ್ಕಳ ಇಂಗ್ಲಿಷ್ ನಮಗೆ ಅರ್ಧ ತಿಳಿಯುವುದಿಲ್ಲ, ನಮ್ಮ ಕನ್ನಡ ಅವರಿಗೆ ಅರ್ಧ ತಿಳಿಯುವುದಿಲ್ಲ. ಇಬ್ಬರೂ ಈ ಪದ್ಯದ ದಾರಿಹೋಕನ ಹಾಗೆ ನಿಂತು ಕೇಳಿದರೆ ಆಯಿತು. ಕೇಳಿದ ಮೇಲೆ ಅರ್ಥ ಕೇಳಲು ನಾಚಬಾರದು, ಅಷ್ಟೆ.

ಆರು: ಅಗಲಿದವರಿಗೆ, 'ವಿ ಆರ್ ಸೆವೆನ್'

ಇದೂ ವರ್ಡ್ಸ್‌ವರ್ತ್‌ನದೇ. ಒಬ್ಬನೇ ಗಿರಾಕಿಗೆ ಮೂರು ಸಾಲ ಮಂಜೂರು ಮಾಡಿದೆಯಲ್ಲ ಎಂದು ನಮ್ಮ ಹಳೆಯ ಮ್ಯಾನೇಜರ್ ಇದ್ದಿದ್ದರೆ ಬೈಯುತ್ತಿದ್ದರು. ಆದರೆ ಇದನ್ನು ಬಿಡಲು ನನ್ನಿಂದ ಆಗುವುದಿಲ್ಲ.

1798ರ ಪದ್ಯ. ಎಂಟು ವರ್ಷದ ಹಳ್ಳಿ ಹುಡುಗಿಯನ್ನು ಒಬ್ಬ ಮಾತಾಡಿಸುತ್ತಾನೆ. ನೀವು ಎಷ್ಟು ಮಂದಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಂದು ಕೇಳುತ್ತಾನೆ. ಏಳು ಎನ್ನುತ್ತಾಳೆ. ಇಬ್ಬರು ಬೇರೆ ಊರಿನಲ್ಲಿ, ಇಬ್ಬರು ಹಡಗಿನಲ್ಲಿ, ಇಬ್ಬರು ಮನೆಯ ಹತ್ತಿರದ ಸ್ಮಶಾನದಲ್ಲಿ, ಇವಳೊಬ್ಬಳು ತಾಯಿಯ ಜೊತೆ. ಹಾಗಾದರೆ ಲೆಕ್ಕಕ್ಕೆ ಐದೇ ಅಲ್ಲವೇ ಎನ್ನುತ್ತಾನೆ ಅವನು. ಅವಳು ಒಪ್ಪುವುದಿಲ್ಲ. ಆ ಸಮಾಧಿಗಳ ಪಕ್ಕದಲ್ಲಿ ಕೂತೇ ಕಾಲುಚೀಲ ಹೆಣೆಯುತ್ತಾಳೆ, ಊಟ ಮಾಡುತ್ತಾಳೆ, ಅವರಿಗೆ ಹಾಡು ಹೇಳುತ್ತಾಳೆ. ಅವನು ಎಷ್ಟು ಸಲ ಕಳೆದರೂ ಅವಳ ಲೆಕ್ಕ ಏಳೇ.

ಎರಡು ವರ್ಷದ ಹಿಂದೆ ನಮ್ಮ ಮನೆಯಾಕೆ ತೀರಿಕೊಂಡಳು. ಅದಾದ ತಿಂಗಳಲ್ಲಿ ಪಡಿತರ ಚೀಟಿಯಿಂದ ಅವಳ ಹೆಸರು ತೆಗೆಸಿದೆ. ನಮ್ಮಿಬ್ಬರ ಜಂಟಿ ಖಾತೆಯನ್ನು ನನ್ನೊಬ್ಬನ ಹೆಸರಿಗೆ ಮಾಡಿಸಿದೆ. ಅರ್ಜಿ ನಾನೇ ತುಂಬಿದೆ. ಮೂವತ್ತೈದು ವರ್ಷ ಕೌಂಟರಿನಲ್ಲಿ ಕೂತು ಬೇರೆಯವರಿಗೆ "ಇಲ್ಲಿ ಸಹಿ ಮಾಡಿ, ಮರಣ ಪ್ರಮಾಣಪತ್ರದ ನಕಲು ಇಡಿ" ಎಂದು ಹೇಳಿದವನಿಗೆ ಎಲ್ಲಿ ಏನು ಬರೆಯಬೇಕೆಂದು ಗೊತ್ತಿತ್ತು. ಕೈ ನಡುಗಲಿಲ್ಲ. ಎಲ್ಲ ಸರಿಯಾಗಿ ಮುಗಿಸಿದೆ ಎಂದುಕೊಂಡೆ.

ಒಂದು ದಿನ ಮೊಮ್ಮಗಳು ಶಾಲೆಗೆ "ನಮ್ಮ ಮನೆ" ಎಂದು ಚಿತ್ರ ಬರೆಯುತ್ತಿದ್ದಳು. ಅಪ್ಪ, ಅಮ್ಮ, ತಾತ, ತಾನು. ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಹಸಿರು ಸೀರೆ ಉಟ್ಟ ಇನ್ನೊಬ್ಬರು. ಕೆಳಗೆ ಇಂಗ್ಲಿಷಿನಲ್ಲಿ, ನಮ್ಮ ಮನೆಯಲ್ಲಿ ಐದು ಜನ ಎಂದು ಬರೆದಿದ್ದಳು.

"ನಾಲ್ಕು ಅಲ್ವೇನಮ್ಮ?" ಎಂದೆ. ಕ್ಲರ್ಕಿನ ಬಾಯಿ.

"ಐದು ತಾತ."

"ಅಜ್ಜಿ ಈಗ ಇಲ್ವಲ್ಲ ಪುಟ್ಟಿ."

"ಅದು ಗೊತ್ತು. ಐದು" ಎಂದು ಹೇಳಿ ಸೀರೆಗೆ ಅಂಚು ಹಾಕತೊಡಗಿದಳು.

ನಾನು ಎದ್ದು ಹಿತ್ತಿಲಿಗೆ ಹೋದೆ. ಅವಳು ನೆಟ್ಟ ಕನಕಾಂಬರದ ಗಿಡಕ್ಕೆ ನೀರು ಹಾಕಿದೆ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಆ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ಬೆಳಿಗ್ಗೆ ಕಾಫಿ ಆದ ಮೇಲೆ ಪೇಪರಿನ ಸುದ್ದಿಯನ್ನು ಗಟ್ಟಿಯಾಗಿ ಓದುತ್ತೇನೆ. ಯಾರಿಗೆ ಓದುತ್ತೇನೆ? ಹಾಗಾದರೆ ನನ್ನ ಲೆಕ್ಕವೂ ನಾಲ್ಕಲ್ಲ. ಅರ್ಜಿಯಲ್ಲಿ ಮಾತ್ರ ನಾಲ್ಕು.

ಈ ಪದ್ಯ ನನ್ನ ಕೈಗೆ ಸಿಕ್ಕಿದ್ದು ಅದಾದ ಮೇಲೆ, ಹಳೆಯ ಪಠ್ಯಪುಸ್ತಕವೊಂದರಲ್ಲಿ. ಇಬ್ಬರೂ ಕೂತು ಓದಿದೆವು. ಪದ್ಯದಲ್ಲಿ ಕಳೆಯುವ ಲೆಕ್ಕ ಹಾಕುವವನ ಮಾತನ್ನು ನಾನು ಓದಿದೆ, ಹುಡುಗಿಯ ಮಾತನ್ನು ಅವಳು ಓದಿದಳು. ಮುಗಿದ ಮೇಲೆ ಅವಳು, "ಆ ಅಂಕಲ್‌ಗೆ ಅರ್ಥ ಆಗಲೇ ಇಲ್ಲ, ಅಲ್ವಾ ತಾತ?" ಎಂದಳು. "ನಿಧಾನಕ್ಕೆ ಆಗುತ್ತೆ ಕಣಮ್ಮ" ಎಂದೆ. ಆಮೇಲೆ ಅಜ್ಜಿಯ ಬಗ್ಗೆ ತುಂಬ ಹೊತ್ತು ಮಾತಾಡಿದೆವು. ಅಜ್ಜಿ ಹಾಕುತ್ತಿದ್ದ ಉಪ್ಪಿನಕಾಯಿ, ಅಜ್ಜಿ ಹೇಳುತ್ತಿದ್ದ ಗಾದೆ, ಅಜ್ಜಿಗೆ ಹಲ್ಲಿ ಕಂಡರೆ ಆಗುತ್ತಿದ್ದ ಭಯ. ಅವಳು ಹೋದ ಮೇಲೆ ನಾವಿಬ್ಬರೂ ಹಾಗೆ ಕೂತು ಮಾತಾಡಿದ್ದು ಅದೇ ಮೊದಲು.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಕ್ಕಳ ಮುಂದೆ ಅವರ ಹೆಸರೆತ್ತಲು ನಾವು ಹೆದರುತ್ತೇವೆ. ಮಗು ಅತ್ತೀತು ಎಂದುಕೊಳ್ಳುತ್ತೇವೆ. ಅಳುವವರು ಬಹುಪಾಲು ನಾವೇ. ಅಂಥ ಮನೆಗೆ ಈ ಪದ್ಯ ಒಂದು ನೆಪ. ಕಠಿಣವಾದ ಪದಗಳೂ ಇದರಲ್ಲಿ ಕಡಿಮೆ.

ಇನ್ನು ಓದುವ ಕ್ರಮ. ನಾನು ಎಡವಿ ಕಲಿತದ್ದನ್ನು ಹೇಳುತ್ತೇನೆ.

ತಿಂಗಳಿಗೆ ಒಂದೇ ಪದ್ಯ ಸಾಕು. ಮೊದಲು ಮಗು ಗಟ್ಟಿಯಾಗಿ ಓದಲಿ, ನೀವು ಕೇಳಿ. ಉಚ್ಚಾರ ತಪ್ಪಾದರೆ ನಡುವೆ ಬಾಯಿ ಹಾಕಬೇಡಿ, ನಮ್ಮ ಉಚ್ಚಾರವೇನೂ ಲಂಡನ್ನಿನದಲ್ಲ. ಓದಿದ ಮೇಲೆ "ಅರ್ಥವೇನು?" ಎಂದು ಕೇಳುವ ಬದಲು "ಏನೇನು ಕಾಣಿಸಿತು?" ಎಂದು ಕೇಳಿ. ಆಮೇಲೆ ಅದನ್ನು ಮಗು ಮನೆಮಾತಿನಲ್ಲಿ ನಿಮಗೆ ಹೇಳಲಿ. ಅದು ಹೇಳುವಾಗ ಸಿಕ್ಕಿಹಾಕಿಕೊಳ್ಳುವ ಕಡೆ ನೀವು ಒಂದು ಕನ್ನಡ ಪದ ಕೊಡಿ. ಹಾಗೆ ಕೊಟ್ಟ ಪದ ಮರೆಯುವುದಿಲ್ಲ. ಸಾಧ್ಯವಾದರೆ ಹೊಳೆ, ಹೊಲ, ಗುಡಿ ಎಲ್ಲಿಗಾದರೂ ಕರೆದುಕೊಂಡು ಹೋಗಿ ಓದಿ.

ಉರು ಹೊಡೆಸಬೇಡಿ. ಇಷ್ಟಪಟ್ಟು ನಾಲ್ಕು ಸಲ ಓದಿದರೆ ತಾನಾಗಿ ಬಾಯಿಗೆ ಬರುತ್ತದೆ. ನೆಂಟರು ಬಂದಾಗ "ಎಲ್ಲಿ, ಆ ಪದ್ಯ ಹೇಳು ನೋಡೋಣ" ಎಂದು ಮಗುವನ್ನು ನಿಲ್ಲಿಸಬೇಡಿ. ಈ ಮಾತನ್ನು ನನ್ನನ್ನೇ ನೋಡಿಕೊಂಡು ಹೇಳುತ್ತಿದ್ದೇನೆ.

ಈ ಆರೂ ನೂರೈವತ್ತು ವರ್ಷಕ್ಕಿಂತ ಹಳೆಯವು. ಶಾಲೆಯ ಲೈಬ್ರರಿಯಲ್ಲಿ, ಹಳೆಯ ಪಠ್ಯಪುಸ್ತಕಗಳಲ್ಲಿ ಸಿಗುತ್ತವೆ. ಮೊಬೈಲಿನಲ್ಲಿ ಹುಡುಕಿದರೆ ದುಡ್ಡಿಲ್ಲದೆ ಸಿಗುತ್ತವೆ. ಹುಡುಕುವ ಕೆಲಸವನ್ನು ಮೊಮ್ಮಕ್ಕಳಿಗೇ ಬಿಡಿ, ಅವರ ಕೈ ನಮಗಿಂತ ಚುರುಕು.

ನನ್ನ ಮೊಮ್ಮಗಳು ಈಗ ಐದನೇ ಕ್ಲಾಸು. ಈ ಪಟ್ಟಿಯನ್ನು ಅವಳಿಗೆ ಓದಿ ಹೇಳಿದೆ. "'ಇಫ್' ಯಾಕೆ ಹಾಕಿಲ್ಲ ತಾತ?" ಎಂದು ಕೇಳಿದಳು. "ನಿನಗೆ ಅದು ಇಷ್ಟವಿರಲಿಲ್ಲವಲ್ಲ" ಎಂದೆ. "ದೊಡ್ಡವಳಾದ ಮೇಲೆ ಓದ್ತೀನಿ, ಎತ್ತಿಟ್ಟಿರಿ" ಎಂದಳು. ಎತ್ತಿಟ್ಟಿದ್ದೇನೆ.

ಮಕ್ಕಳೇ, ಈ ರಜೆಯಲ್ಲಿ ನೀವು ತಾತ-ಅಜ್ಜಿಯರ ಜೊತೆ ಯಾವ ಪದ್ಯ ಓದಿದಿರಿ, ಯಾವ ಜಾಗದಲ್ಲಿ ಕೂತು ಓದಿದಿರಿ, ಅವರಿಂದ ಯಾವ ಹೊಸ ಕನ್ನಡ ಪದ ಕಲಿತಿರಿ ಎಂದು ನನಗೆ ಕಾಗದ ಬರೆಯಿರಿ. ಟಿ. ನರಸೀಪುರದ ಅಜ್ಜಿಯವರೇ, ನಿಮ್ಮ ಮೊಮ್ಮಗನನ್ನು ಮೊದಲು ಸಂಗಮಕ್ಕೆ ಕರೆದುಕೊಂಡು ಹೋಗಿ. ಕೈಯಲ್ಲಿ ಟೆನಿಸನ್ ಇರಲಿ. ನೀರಿನ ಹತ್ತಿರ ಹುಡುಗ ಜೋಪಾನ.